ಕುಂಟೆ ಎತ್ತಿದ ಜಾಗ

ಇದು ೧೯೮೩ನೆಯ ಇಸವಿಯ ಹಿಂಗಾರಿನ ಸಂಗತಿ. ಆಗ ನನಗೆ ಇಪ್ಪತ್ತೇಳು ವರ್ಷ. ನವಲಗುಂದ ತಾಲೂಕಿನಲ್ಲಿ, ಯಮನೂರಿನಿಂದ ನಡೆದು ಹೋಗಬಹುದಾದಷ್ಟು ದೂರದಲ್ಲಿ, ಬೆಣ್ಣಿಹಳ್ಳದ ದಂಡೆಯ ಒಂದು ಊರಿನ ಕನ್ನಡ ಶಾಲೆಯಲ್ಲಿ ನಾನು ಮಾಸ್ತರನಾಗಿದ್ದೆ. ತರಗತಿ ಬಿಟ್ಟು ಈಗ ಹಲವು ವರ್ಷಗಳಾದವು. ಹುಬ್ಬಳ್ಳಿಯ ಒಂದು ಮುದ್ರಣಾಲಯದಲ್ಲಿ ಕುಳಿತು ಪುಸ್ತಕಗಳ ಕರಡು ತಿದ್ದುತ್ತೇನೆ. ಮೊದಲು ಚಿಕ್ಕವರ ತಪ್ಪು ತಿದ್ದುತ್ತಿದ್ದೆ. ಈಗ ದೊಡ್ಡವರ ತಪ್ಪು ತಿದ್ದುತ್ತೇನೆ. ಸಿಟ್ಟು ಮಾತ್ರ ಆಗಿನಷ್ಟು ಬರುವುದಿಲ್ಲ.

ಕಳೆದ ವರ್ಷ ದಸರೆ ಮುಗಿದ ಮೇಲೆ ಒಂದು ಮದುವೆಯ ಮಾತುಕತೆಗೆಂದು ನವಲಗುಂದಕ್ಕೆ ಹೊರಟಿದ್ದೆ. ಹಳ್ಳ ಹಿಂದಿನ ದಿನ ತುಂಬಿ ಹರಿದು ಇಳಿದಿತ್ತು. ಸೇತುವೆಯ ಮೇಲೆ ಹೂಳು ಬಳಿಯುತ್ತಿದ್ದರೆಂದು ಬಸ್ಸನ್ನು ತುಸು ಹೊತ್ತು ನಿಲ್ಲಿಸಿದರು. ಕಿಟಕಿಯಿಂದ ಒಂದು ವಾಸನೆ ಬಂತು. ಹೂಳಿನಡಿ ಸಿಕ್ಕು ಕೊಳೆತ ಮೆಣಸಿನ ಗಿಡದ ವಾಸನೆ ಅದು. ಮೂಗಿಗೆ ಮೊದಲು ಕೊಳೆತದ್ದು ತಿಳಿಯುತ್ತದೆ, ಆಮೇಲೆ ಗಂಟಲಿಗೆ ಖಾರ ತಿಳಿಯುತ್ತದೆ. ಬಾಜುವಿನಲ್ಲಿ ಕುಳಿತವರು ಮೂಗಿಗೆ ಸೆರಗು ಹಿಡಿದರು. ನನಗೆ ನೀಲವ್ವನ ಹೊಲ ನೆನಪಾಯಿತು.

ಬೆಣ್ಣಿಹಳ್ಳದ ಹೆಸರಿನಲ್ಲಿ ಬೆಣ್ಣೆಯಿದೆ, ನಡತೆಯಲ್ಲಿಲ್ಲ. ಬೇಸಿಗೆಯಲ್ಲಿ ಧೋತರ ಎತ್ತದೆಯೇ ದಾಟಬಹುದಾದ ಹಳ್ಳ, ಮಳೆಗಾಲದಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ ಊರ ಬಾಗಿಲಿಗೆ ಬಂದು ನಿಲ್ಲುತ್ತದೆ. ಅದರ ಸ್ವಭಾವವೇ ಹಾಗೆ. ಮಳೆ ಸುರಿಯುವುದು ಮೇಲೆ, ಕುಂದಗೋಳ, ಹುಬ್ಬಳ್ಳಿಗಳ ಕಡೆ. ನೀರು ನಿಲ್ಲುವುದು ಕೆಳಗೆ, ನಮ್ಮ ಕಡೆ. ಆ ವರ್ಷ ಹಸ್ತಾ ಮಳೆ ನಮ್ಮಲ್ಲಿ ಬಿದ್ದದ್ದು ಅಂಗಳದ ಧೂಳು ಅಡಗುವಷ್ಟು ಮಾತ್ರ. ಮರುದಿನ ಬೆಳಕು ಹರಿಯುವಾಗ ಆಕಾಶ ತೊಳೆದಿಟ್ಟಂತೆ ಸ್ವಚ್ಛವಾಗಿತ್ತು. ಅದರ ಕೆಳಗೆ ಹತ್ತಿಯ ಹೊಲಗಳ ಮೇಲೆ ಕೆಂಚು ನೀರು ಸದ್ದಿಲ್ಲದೆ ಹರಡುತ್ತ ಬಂತು. ಎತ್ತರದಲ್ಲಿದ್ದ ಶಾಲೆಯ ಪಡಸಾಲೆಯಲ್ಲಿ ಊರಿನ ಅರ್ಧ ಜನ ಬಂದು ನಿಂತರು. ಯಾರೂ ಅಳಲಿಲ್ಲ. ತಮ್ಮ ತಮ್ಮ ಹೊಲದ ಗುರುತಿನ ಗಿಡ ಎಷ್ಟು ಮುಳುಗಿದೆ ಎಂದು ಕೈ ಅಡ್ಡಹಿಡಿದು ನೋಡುತ್ತಿದ್ದರು.

ನೀಲವ್ವ ಮಾತ್ರ ಅಲ್ಲಿರಲಿಲ್ಲ. ಅವಳ ಎರಡು ಎತ್ತುಗಳು ಹೊಲದ ಚಪ್ಪರದಲ್ಲಿದ್ದವು. ನೀರಿನ ಸುದ್ದಿ ಕೇಳಿದೊಡನೆ ಅವಳು ಕುಡುಗೋಲು ಹಿಡಿದು ಓಡಿ, ಸೊಂಟದ ಮಟ್ಟದ ನೀರಿನಲ್ಲಿ ನಿಂತು ಹಗ್ಗ ಕೊಯ್ದಿದ್ದಳು. ಕೆಂದ ಎಂಬ ಎತ್ತು ಈಜಿ ದಂಡೆ ಹತ್ತಿತು. ಅದರ ಜೊತೆಯ ಬೂದ ತಿರುಗಿ ಹಳ್ಳದ ಕಡೆಗೇ ಹೋಯಿತು, ಮತ್ತೆ ಕಾಣಲಿಲ್ಲ. ಮೈಯೆಲ್ಲ ಹೂಳು ಮೆತ್ತಿಕೊಂಡು, ಒಂಟಿ ಎತ್ತಿನ ಕೊಂಬು ಹಿಡಿದು ಅವಳು ಶಾಲೆಯ ಮುಂದೆ ಬಂದಾಗ, ಜನ ದಾರಿ ಬಿಟ್ಟು ಸರಿದರು.

ನೀಲವ್ವನಿಗೆ ಆಗ ನಲವತ್ತೈದರ ಆಸುಪಾಸು. ಇದ್ದೊಬ್ಬ ಮಗಳನ್ನು ಅಣ್ಣಿಗೇರಿಗೆ ಕೊಟ್ಟಿದ್ದಳು. ಗಂಡ ಅದೇ ವರ್ಷದ ಫಾಲ್ಗುಣದಲ್ಲಿ ಎದೆನೋವಿನಿಂದ ತೀರಿಕೊಂಡಿದ್ದ. ಅವರ ಮನೆತನದ ಪದ್ಧತಿಯಂತೆ ಅವನನ್ನು ಸ್ವಂತ ಹೊಲದಲ್ಲಿಯೇ, ಬನ್ನಿಗಿಡದ ಹತ್ತಿರ, ಮಣ್ಣು ಮಾಡಿದ್ದರು. ವರ್ಷ ತುಂಬುವವರೆಗೆ ಕಲ್ಲು ಕೂಡ್ರಿಸುವಂತಿಲ್ಲ. ಬರಿಯ ಮಣ್ಣು ಕಣ್ಣಿಗೆ ಕಾಣಬಾರದೆಂದು ನೀಲವ್ವ ಮುಂಗಾರಿನಲ್ಲಿ ಅದರ ಮೇಲೆ ಮತ್ತು ಸುತ್ತ ತಾನೇ ಕೈಯಿಂದ ಮೆಣಸಿನ ಅಗಿ ನೆಟ್ಟಿದ್ದಳು. ಉಳಿದ ಹೊಲದಲ್ಲಿಯೂ ಮೆಣಸಿನಕಾಯಿ, ನಡುವೆ ಹತ್ತಿ. ಗಂಡನಿಲ್ಲದ ಮೊದಲ ವರ್ಷ ಅವಳು ಒಬ್ಬಳೇ ಆಳುಗಳನ್ನು ಹಚ್ಚಿ ಮಾಡಿದ ಬೆಳೆ ಅದು. ನೋಡಿದವರು ಹೊಗಳುವಂತೆ ಬಂದಿತ್ತು.

ನೀರು ಮೂರನೆಯ ದಿನ ಇಳಿಯಿತು. ಮೆಣಸಿನ ಗಿಡಗಳು ಮಲಗಿದ್ದವು. ಹತ್ತಿಯ ಮೊಗ್ಗುಗಳು ಕಪ್ಪಾಗಿದ್ದವು. ಬಿಸಿಲು ಬಿದ್ದೊಡನೆ ಆ ವಾಸನೆ ಊರೊಳಗೆ ಬಂತು.

ಎರೆಮಣ್ಣಿನ ಒಕ್ಕಲುತನವನ್ನು ಹತ್ತಿರದಿಂದ ನೋಡದವರಿಗೆ ಮುಂದಿನದು ತಿಳಿಯಲಾರದು. ಆದ್ದರಿಂದ ಒಂದು ಮಾತು ಹೇಳಬೇಕು. ಎರೆ ಹೊಲಕ್ಕೆ ಹದ ಎಂಬುದೊಂದು ಇದೆ. ಹಸಿಯಿದ್ದಾಗ ಕಾಲಿಟ್ಟರೆ ಕಾಲು ಬಿಡದು. ಒಣಗಿದರೆ ನೆಲ ಹೆರೆಯುವ ಕಬ್ಬಿಣದ ಕುಂಟೆಗೂ ಬಗ್ಗದು. ಈ ಎರಡರ ನಡುವೆ ಕೆಲವೇ ದಿನ ಮಣ್ಣು ಒಕ್ಕಲಿಗನ ಮಾತು ಕೇಳುತ್ತದೆ. ಅಷ್ಟರೊಳಗೆ ಸತ್ತ ಬೆಳೆಯನ್ನು ಕುಂಟೆ ಹೊಡೆದು ಕಿತ್ತು, ಕೂರಿಗೆ ಹೂಡಿ ಕಡಲೆ ಬಿತ್ತಿದರೆ ಹಿಂಗಾರಿನ ಒಂದು ತುತ್ತಾದರೂ ದಕ್ಕುತ್ತದೆ. ಇನ್ನೊಂದು ಮಾತೂ ಇದೆ: ಸತ್ತ ಬೆಳೆಯನ್ನು ಹೊಲದಲ್ಲಿ ಹಾಗೆಯೇ ಬಿಡುವುದು ಆ ಊರಲ್ಲಿ ಹೇಸಿಗೆಯ ಸಂಗತಿ. ಮನೆಯಲ್ಲಿ ಹೆಣವಿಟ್ಟುಕೊಂಡು ಉಂಡ ಹಾಗೆ, ಎನ್ನುತ್ತಿದ್ದರು.

ನೆಲ ಹದಕ್ಕೆ ಬರುತ್ತಿದ್ದಂತೆ ಊರಿನ ಹಿರಿಯ ಫಕೀರಪ್ಪ ಕಾಕಾ ಶಾಲೆಯ ಕಟ್ಟೆಯ ಮೇಲೆ ಕುಳಿತು ಎಲ್ಲರನ್ನೂ ಕರೆದ. ಅರವತ್ತು ದಾಟಿದ ಮನುಷ್ಯ. ಗಂಟಲು ಮಾತ್ರ ಇಪ್ಪತ್ತರದು.

"ನಾಳಿಂದ ಮುಯ್ಯಿ ಮ್ಯಾಲ ಕೆಲಸಾ," ಅಂದ. "ಎಲ್ಲಾರ ಎತ್ತು, ಎಲ್ಲಾರ ಕುಂಟಿ ಒಂದ ಹೊಲಕ್ಕ. ಅದು ಮುಗದ ಮ್ಯಾಲ ಮುಂದಿನದಕ್ಕ. ಹದಾ ಯಾರಪ್ಪನ ಆಳೂ ಅಲ್ಲ, ಕಾಯೂದುಲ್ಲ."

"ಮೊದಲು ಯಾರ ಹೊಲಕ್ಕ ಕಾಕಾ?" ಎಂದು ಯಾರೋ ಕೇಳಿದರು.

"ಇದು ಕೇಳೂ ಮಾತೇನಲೇ? ಗಂಡಸಿಲ್ಲದ ಮನೀದು ಮೊದಲು. ನೀಲವ್ವನ ಹೊಲಾ."

ನೀಲವ್ವ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅವಳು ಒಪ್ಪಲಿಲ್ಲ. "ಬ್ಯಾಡ ಕಾಕಾ. ಮುಯ್ಯಿ ತಗೊಂಡ್ರ ತಿರಗಿ ಕೊಡಬೇಕು. ನನ್ನ ಹಂತೇಕ ಒಂದು ಎತ್ತು ಐತಿ. ಒಂದ ಎತ್ತು ಹೊಡಕೊಂಡು ನಿಮ್ಮ ಹೊಲಕ್ಕ ಹೆಂಗ ಬರ್ಲಿ?"

"ಬಂದಾಗ ಬರ್ತಿ ಬೇ. ನಾ ಇನ್ನೂ ಸಾಯೂದುಲ್ಲ," ಎಂದ ಫಕೀರಪ್ಪ.

ಮುಯ್ಯಿ ಎಂದರೆ ಸಹಾಯವಲ್ಲ. ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಇಂದು ನಾನು ನಿನ್ನ ಹೊಲಕ್ಕೆ ಬಂದರೆ ಇನ್ನೊಂದು ದಿನ ನೀನು ನನ್ನ ಹೊಲಕ್ಕೆ ಬರಲೇಬೇಕು. ಕೂಲಿ ಕೊಟ್ಟು ತೀರಿಸಿಕೊಳ್ಳುವಂತಿಲ್ಲ. ಆ ಊರಲ್ಲಿ ಒಬ್ಬನನ್ನು ಬಯ್ಯಬೇಕಾದರೆ 'ಮುಯ್ಯಿ ನುಂಗಿದವ' ಎಂದರೆ ಸಾಕಾಗಿತ್ತು.

ಮರುದಿನ ಬೆಳಿಗ್ಗೆ ಎಂಟು ಜೋಡಿ ಎತ್ತುಗಳು ನೀಲವ್ವನ ಹೊಲದಲ್ಲಿ ಸಾಲಾಗಿ ನಿಂತವು. ಶಾಲೆಗೆ ಇನ್ನೂ ರಜೆ, ನಾನೂ ಹೋಗಿದ್ದೆ. ಅವಳ ಬಿತ್ತನೆಯ ಕಡಲೆಯೆಲ್ಲ ನೆರೆಗೆ ಸಿಕ್ಕು ಮೊಳೆತು ಕೆಟ್ಟಿತ್ತು. ಆದ್ದರಿಂದ ಹೆಂಗಸರು ಮನೆಗೊಂದು ಬೊಗಸೆ ಕಡಲೆ ತಂದು ಒಂದೇ ಬುಟ್ಟಿಗೆ ಸುರಿದರು. ಯಾರದು ಕೆಂಪು, ಯಾರದು ಬಿಳಿ, ಯಾರದು ಸಣ್ಣ, ಯಾರದು ದಪ್ಪ, ಎಲ್ಲವೂ ಬೆರೆಯಿತು. ಬಿತ್ತನೆಯಲ್ಲಿ ಹಾಗೆ ಬೆರೆಸಬಾರದೆಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಅದನ್ನು ಆಡಲಿಲ್ಲ.

ಫಕೀರಪ್ಪ ಮುಂದಿನ ಕುಂಟೆ ಹಿಡಿದಿದ್ದ. ಬನ್ನಿಗಿಡದ ಹತ್ತಿರ ಬಂದಾಗ ಎತ್ತು ನಿಲ್ಲಿಸದೆಯೇ ಕುಂಟೆಯನ್ನು ನೆಲದಿಂದ ಎತ್ತಿ ಹಿಡಿದು, ಸಮಾಧಿಯ ಜಾಗ ಬಳಸಿ, ಆಚೆಗೆ ಮತ್ತೆ ಇಳಿಸಿದ. ಹಿಂದಿನ ಏಳು ಜನರೂ ಅಲ್ಲಿಯೇ ಎತ್ತಿದರು, ಅಲ್ಲಿಯೇ ಇಳಿಸಿದರು. ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ವರ್ಷ ತುಂಬದ ಮಣ್ಣಿನ ಮೇಲೆ ಕಬ್ಬಿಣ ಆಡಿಸುವುದಿಲ್ಲ. ಸಂಜೆಯ ಹೊತ್ತಿಗೆ ಇಡೀ ಹೊಲ ಹಣಿಗೆಯಿಂದ ಬಾಚಿದಂತೆ ಕಪ್ಪಗೆ, ನೇರ ಗೆರೆಗಳಿಂದ ಕಂಡಿತು. ನಡುವೆ ಆ ತುಂಡು ಮಾತ್ರ ಮಲಗಿದ ಮೆಣಸಿನ ಗಿಡಗಳನ್ನು ಹೊತ್ತು, ಹೂಳು ಬಳಿದುಕೊಂಡು, ಹಾಗೆಯೇ ಉಳಿಯಿತು.

ಮುಯ್ಯಿಗೆ ಬಂದ ಎಂಟೂ ಮನೆಗಳ ಹೊಲ ಹದ ಆರುವ ಮೊದಲೇ ಬಿತ್ತನೆಯಾಯಿತು. ನೀಲವ್ವನ ಬದುವಿನ ಆಚೆಗಿನ ಚೆನ್ನಪ್ಪನ ಹೊಲ ಮಾತ್ರ ಬೀಳುಬಿತ್ತು. ಅವನು ಮಗಳ ಊರಿಗೆ ಹೋದವನು, ದಾರಿ ಹಾಳಾಗಿದೆ ಎಂಬ ನೆವ ಮಾಡಿ, ಅಳಿಯನ ಮನೆಯ ಹೋಳಿಗೆ ಉಣ್ಣುತ್ತ ಕುಳಿತಿದ್ದ. ಮರಳಿ ಬಂದಾಗ ಅವನ ಹೊಲ ಒಣಗಿ ಬಿರಿದು, ಸತ್ತ ಬೆಳೆಯ ಸಮೇತ ಕಲ್ಲಾಗಿತ್ತು.

ಸರಕಾರ ಬೆಳೆಹಾನಿಗೆ ಪರಿಹಾರ ಕೊಡುವ ಸುದ್ದಿ ರೇಡಿಯೋದಲ್ಲಿ ಬಂದದ್ದು ಬಿತ್ತನೆಯೆಲ್ಲ ಮುಗಿದ ಮೇಲೆ. ಊರು ಉಸಿರು ಬಿಟ್ಟಿತು. ನೀಲವ್ವನ ಮನೆಯಲ್ಲಿ ಆ ಮಾತಿನ ಅರ್ಥ ಒಂದೇ: ಇನ್ನೊಂದು ಎತ್ತು. ಕೊಚ್ಚಿಹೋದ ಬೂದನಿಗೆ ಬೇರೆ ಪರಿಹಾರ ಸಿಗುವಂತಿರಲಿಲ್ಲ. ಸತ್ತ ದನಕ್ಕೆ ಹಣ ಬೇಕಾದರೆ ಸತ್ತ ದನವನ್ನು ತೋರಿಸಬೇಕು ಎಂದು ಊರಿನ ಜಮೀನು ಲೆಕ್ಕದ ತಲಾಠಿ ಹೇಳಿದಾಗ ಫಕೀರಪ್ಪ, "ಹಂಗಾದ್ರ ಹಳ್ಳಕ್ಕ ಒಂದು ಸಮನ್ಸ್ ಕಳಸ್ರಿ" ಎಂದಿದ್ದ. ಬೆಳೆಯ ಪರಿಹಾರ ಬಂದರೆ ಜೋಡಿ ಕೂಡುತ್ತದೆ. ಬಾರದಿದ್ದರೆ ಮುಂದಿನ ಮುಂಗಾರಿನ ಮಿರಗದ ಮಳೆಗೆ ಹೊಲವನ್ನು ಬೇರೆಯವರಿಗೆ ಪಾಲಿಗೆ ಕೊಟ್ಟು, ಗಂಡನನ್ನು ಮಣ್ಣು ಮಾಡಿದ ನೆಲದಲ್ಲಿಯೇ ಅವಳು ಕೂಲಿಗೆ ನಿಲ್ಲಬೇಕು. ಅವಳ ಮುಂದೆ ಇದ್ದದ್ದು ಇವೆರಡೇ ದಾರಿ.

ಶೀಗಿ ಹುಣ್ಣಿಮೆ ಕಳೆದು ಕೆಲವು ದಿನಗಳಿಗೆ ಪರಿಶೀಲನೆಗೆ ಜನ ಬಂದರು. ತಲಾಠಿಯೂ, ಅವನ ಮೇಲಿನ ಕಂದಾಯ ಅಧಿಕಾರಿಯೂ. ಊರಲ್ಲಿ ಆ ಅಧಿಕಾರಿಯನ್ನು ಸರ್ಕಲ್ ಸಾಹೇಬರು ಎನ್ನುತ್ತಿದ್ದರು. ಕಲಘಟಗಿಯ ಕಡೆಯವರು, ನಮ್ಮ ತಾಲೂಕಿಗೆ ಹೊಸಬರು. ಒಳ್ಳೆಯ ಮನುಷ್ಯರೆಂದೇ ನನ್ನ ಅಭಿಪ್ರಾಯ, ಆಗಲೂ ಈಗಲೂ. ಬೂಟು ಬಿಚ್ಚದೆ ಬದುವಿನ ಮೇಲೆ ನಿಂತು ನೀಲವ್ವನ ಹೊಲ ನೋಡಿದರು. ಕಡಲೆ ಗೇಣುದ್ದ ಎದ್ದು ಗಾಳಿಗೆ ಆಡುತ್ತಿತ್ತು. ಅದರ ಹಸಿರು ಬನ್ನಿಗಿಡದ ಬುಡವನ್ನು ಮರೆಮಾಡಿತ್ತು.

"ಪೀಕು ಐತಲ್ಲರೀ," ಅಂದರು. "ಚಲೋನ ಐತಿ."

"ಇದು ಹೊಸಾದ್ರಿ ಸಾಹೇಬ್ರ," ಎಂದ ಫಕೀರಪ್ಪ. "ಹಳೇದು ನೀರಾಗ ಹೋತು. ನಾವು ಕುಂಟಿ ಹೊಡದು ಬಿತ್ತೀವಿ."

"ಯಜಮಾನ್ರ, ಹೋದದ್ದು ನನಗ ಕಾಣವಲ್ದು. ಇದ್ದದ್ದು ಕಾಣತೈತಿ. ನಾ ಕಂಡದ್ದ ಬರೀಬೇಕು."

"ಊರೆಲ್ಲಾ ಸಾಕ್ಷಿ ಹೇಳ್ತೈತ್ರಿ."

"ಊರೆಲ್ಲಾ ಹೇಳ್ತೈತಿ, ಖರೆ. ಊರಿಗೆಲ್ಲಾ ಪರಿಹಾರ ಬೇಕಲ್ಲ?" ಎಂದು ಅವರು ನಕ್ಕರು. ಅದು ಕೆಟ್ಟ ನಗುವಲ್ಲ. "ನಮ್ಮ ಕಡೆ ಗದ್ದಿ ಮುಳಗಿದ್ರ ಮುಳಗಿದಂಗನ. ಆ ವರ್ಷ ಅಲ್ಲಿ ಮತ್ತೇನೂ ಬೆಳಿಯೂದುಲ್ಲ. ಮುಳಗಿದ ಹೊಲದಾಗ ತಿಂಗಳೊಪ್ಪತ್ತಿಗೆ ಹಸರು ಎದ್ದೈತಿ ಅಂದ್ರ ಯಾರು ನಂಬಬೇಕು?"

ಬದು ದಾಟಿ ಚೆನ್ನಪ್ಪನ ಹೊಲಕ್ಕೆ ಹೋದರು. ಸತ್ತ ಹತ್ತಿ, ಮಲಗಿದ ಮೆಣಸು, ಬಿರಿದ ನೆಲ. ಪೂರ್ಣ ಹಾನಿ ಎಂದು ಬರೆದರು. ಮುಯ್ಯಿ ಮಾಡಿ ಬಿತ್ತಿದ ಎಂಟೂ ಮನೆಗಳಿಗೆ ಮತ್ತು ನೀಲವ್ವನಿಗೆ ಹಾನಿ ಇಲ್ಲ ಎಂದಾಯಿತು.

ಅಂದು ಸಂಜೆ ಶಾಲೆಯ ಕಟ್ಟೆಯ ಮೇಲೆ ಚೆನ್ನಪ್ಪ ತಲೆ ತಗ್ಗಿಸಿ ಕುಳಿತಿದ್ದ. ತನಗೆ ಸಿಕ್ಕದ್ದಕ್ಕೆ ಅವನಿಗೇ ನಾಚಿಕೆಯಾಗಿತ್ತು.

"ಚೆನ್ನಪ್ಪಾ," ಎಂದ ಫಕೀರಪ್ಪ, "ಮುಂದಿನ ಸಲ ಹಳ್ಳ ಬರೂ ಮುಂದ ನಮಗೂ ಹೇಳಪಾ. ನಿನ್ನ ಮಗಳ ಮನಿಗೆ ಎಲ್ಲಾರೂ ಕೂಡೇ ಹೋಗೂಣು. ಹೋಳಿಗಿ ಹೊಟ್ಟಿಗಾತು, ಪರಿಹಾರ ಕಿಸೇಕಾತು."

ಜನ ನಕ್ಕರು. ಫಕೀರಪ್ಪ ನಗಲಿಲ್ಲ. ಯಾರನ್ನೂ ನೋಡದೆ, ಮೆಲ್ಲಗೆ ಅಂದ: "ನಮ್ಮದು ಹೆಂಗರ ನಡೀತೈತಿ. ಆಕೀ ಹೊಲಕ್ಕ ಮೊದಲು ಕುಂಟಿ ಹೂಡಿದಾಂವ ನಾನು. ಆಕಿ ಎತ್ತು ಹಳ್ಳ ಒಂದ ಒಯ್ತು. ಬರೂ ಇನ್ನೊಂದನ್ನ ನಾ ಒಯ್ದೆ."

ತಹಶೀಲ್ದಾರರಿಗೆ ತಕರಾರು ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಒಂದು ವಾಕ್ಯಕ್ಕೆ ಒಂದೇ ಸಂಗತಿ ಎಂಬ ನಿಯಮ ಹಾಕಿಕೊಂಡು, ನೆರೆ ಬಂದದ್ದು, ಇಳಿದದ್ದು, ಕುಂಟೆ ಹೊಡೆದದ್ದು, ಬಿತ್ತಿದ್ದು ಕ್ರಮವಾಗಿ ಬರೆದೆ. ನವಲಗುಂದಕ್ಕೆ ಹೋಗಿ, ಜಮಖಾನೆ ಹಾಸಿದ ಬಾಕಿನ ಮೇಲೆ ಮಧ್ಯಾಹ್ನದವರೆಗೆ ಕಾದು, ಅದನ್ನು ಅವರ ಕೈಗೇ ಕೊಟ್ಟೆ. ಅವರು ಪೂರ್ತಿ ಓದಿದರು.

"ಅರ್ಜಿ ಛಲೋ ಬರದೀರಿ ಮಾಸ್ತರ," ಅಂದರು. "ಆದ್ರ ಅರ್ಜಿಯೊಳಗ ಹೊಲ ಕಾಣೂದುಲ್ಲ. ಮುಳುಗಿದ್ದ ಪೀಕಿನ ಗುರುತು ಹೊಲದಾಗ ಏನರ ಉಳದಿದ್ರ ಹೇಳ್ರಿ. ಮತ್ತೊಮ್ಮೆ ನೋಡಾಕ ಕಳಸ್ತೀನಿ. ಗುರುತ ಇಲ್ಲಂದ್ರ ನನ್ನ ಕೈಯಾಗೂ ಏನಿಲ್ಲ."

ಮರಳಿ ಬರುವಾಗ ಬಸ್ಸಿನಲ್ಲಿ ನನಗೆ ಆ ಎಂಟು ಕುಂಟೆಗಳು ಒಂದರ ಹಿಂದೊಂದು ನೆಲ ಬಿಟ್ಟು ಎದ್ದದ್ದು ನೆನಪಾಯಿತು. ಬಸ್ಸಿಳಿದವನು ಮನೆಗೂ ಹೋಗದೆ ಫಕೀರಪ್ಪನನ್ನು ಕರೆದುಕೊಂಡು ಹೊಲಕ್ಕೆ ಹೋದೆ. ಬನ್ನಿಗಿಡದ ಕೆಳಗೆ ಮೆಣಸಿನ ಗಿಡಗಳು ಒಣಗಿ, ಮಲಗಿದ ಹಾಗೆಯೇ ಇದ್ದವು. ಮಲಗದೆ ಉಳಿದ ಒಂದೆರಡು ಕಡ್ಡಿಗಳ ತುದಿಯವರೆಗೂ ಹೂಳಿನ ಬಿಳಿ ಗೆರೆ ಇತ್ತು. ಕಾಯಿಗಳು ಗಿಡದಲ್ಲಿಯೇ ಕಪ್ಪಾಗಿದ್ದವು. ಅಲ್ಲದೆ ಆ ಪಟ್ಟಿಯ ಹೊಲಗಳಲ್ಲೆಲ್ಲ ಬನ್ನಿಗಿಡದ ಜಾಗವೇ ಎತ್ತರದ್ದು. ಅಲ್ಲಿ ಮೊಳಕಾಲು ನೀರು ನಿಂತಿದ್ದರೆ ಕೆಳಗಿನ ಎಂಟು ಹೊಲಗಳ ಮಾತು ಕೇಳಬೇಕಾಗಿಯೇ ಇರಲಿಲ್ಲ.

"ಮಾಸ್ತರ್ರ," ಎಂದ ಫಕೀರಪ್ಪ, "ಇದನ್ನ ಆಕೀಗೆ ನೀವ ಹೇಳ್ರಿ. ನನ್ನ ಬಾಯಿಲೆ ಬರೂದುಲ್ಲ."

ನೀಲವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಹೇಳಿದೆ. ಆಕೆಯ ಕೈಯೊಳಗಿನ ಮೊರ ನಿಂತಿತು.

"ಅಲ್ಲಿಗೆ ಸಾಹೇಬ್ರು ಬೂಟು ಹಾಕ್ಕೊಂಡು ಬರೂದಾ?"

"ಅಕ್ಕಾರ, ನೋಡೂದ ಅಷ್ಟ."

"ನೋಡೂದ ಅಷ್ಟ ಅಲ್ರಿ. ಗಿಡ ಕೀಳತಾರ, ಮಣ್ಣ ಕೆದರತಾರ, ಟೇಪು ಹಿಡಿದು ಅಳೀತಾರ. ನಮ್ಮನಿಯವರು ಇದ್ದಾಗ ಒಬ್ಬರ ಮುಂದ ಕೈ ಒಡ್ಡಿದವರಲ್ಲ. ಈಗ ಅವರ ಎದೀ ಮ್ಯಾಲಿಂದು ಕಿತ್ತು ತೋರ್ಸಿ, ನಮಗೂ ಕೊಡ್ರೀ ಅನ್ನಲ್ಯಾ?"

"ಎತ್ತು ಇಲ್ಲದ ಹೆಂಗ ಮಾಡ್ತೀರಿ?"

"ಕೂಲಿ ಮಾಡ್ತೀನಿ," ಎಂದಳು; ಮೊರ ಮತ್ತೆ ಆಡತೊಡಗಿತು.

ಕಾರ್ತಿಕ ಕಳೆಯಿತು. ಹೊಲದಲ್ಲಿ ಕಡಲೆ ಹೂಬಿಟ್ಟಿತು. ಬೇರೆಯವರ ಹೊಲಗಳಲ್ಲಿ ಹೂವಿನ ಬಣ್ಣ ಒಂದೇ ಇದ್ದರೆ ನೀಲವ್ವನ ಹೊಲದಲ್ಲಿ ನಸುಗೆಂಪು, ಬಿಳಿ ಬೆರೆತು ನಿಂತಿತ್ತು. ಒಂದು ಬುಟ್ಟಿಗೆ ಸುರಿದ ಊರಿನ ಬೊಗಸೆಗಳು ಒಂದೊಂದಾಗಿ ಗುರುತು ಹೇಳುತ್ತಿದ್ದವು. ಅವಳು ಪ್ರತಿದಿನ ಅದರ ನಡುವೆ ಒಂಟಿ ಕೆಂದನನ್ನು ಹಿಡಿದು ನಡೆಯುವುದು ಶಾಲೆಯ ಕಿಟಕಿಯಿಂದ ಕಾಣುತ್ತಿತ್ತು. ಒಂದು ದಿನ ಶಾಲೆ ಬಿಡುವ ಹೊತ್ತಿಗೆ ಅವಳೇ ಬಂದು ಬಾಗಿಲ ಹೊರಗೆ ನಿಂತಳು.

"ಮಾಸ್ತರ್ರ, ನನ್ನ ಎತ್ತಿನ ಮಾತು ಬಿಡ್ರಿ. ಆ ಎಂಟು ಮನಿಯವರಿಗೂ ಪರಿಹಾರ ಹೋತು ಅಂತಾರಲ್ಲ, ಅದು ಖರೇನ?"

"ಖರೇರಿ. ಬಿತ್ತಿದವರಿಗೆ ಯಾರಿಗೂ ಬರೂದುಲ್ಲ."

"ಆ ಒಂದು ತುಂಡು ನೆಲ ನೋಡಿದ್ರ ಅವರದೂ ಬರತೈತೇನ್ರಿ?"

"ಬರತೈತಿ. ನೀರು ಎಲ್ಲಾ ಹೊಲಕ್ಕೂ ಒಂದ."

ಅವಳು ಸೆರಗಿನ ಅಂಚು ಸುತ್ತುತ್ತ ನಿಂತಳು. ಆಮೇಲೆ ಹೇಳಿದಳು: "ಸಾಹೇಬ್ರಾಗಿ ಬರೂದು ಬ್ಯಾಡ. ಎಳ್ಳ ಅಮಾಸಿಗೆ ಉಣ್ಣಾಕ ಬರ್ಲಿ. ನಾ ಕರದೀನಿ ಅಂತ ಹೇಳ್ರಿ. ಚರಗ ಚೆಲ್ಲೂ ಹೊತ್ತಿನ್ಯಾಗ ಹೊಲದಾಗ ಯಾರ ಕಾಲಾಗೂ ಚಪ್ಲಿ ಇರೂದುಲ್ಲ. ಉಂಡು, ಕಣ್ಣಿಗೆ ಕಂಡ್ರ ಕಾಣ್ಲಿ. ಕಾಣಲಿಲ್ಲಾ, ಶಿವಾ ಅನ್ನೂದು."

ನಮ್ಮ ಕಡೆ ಎಳ್ಳ ಅಮಾವಾಸ್ಯೆಯ ದಿನ ಊರಿನ ಒಲೆಗಳು ನಸುಕಿನಲ್ಲಿಯೇ ಹೊತ್ತಿ, ಮಧ್ಯಾಹ್ನಕ್ಕೆ ಊರು ಖಾಲಿಯಾಗುತ್ತದೆ. ಎಲ್ಲರೂ ಚಕ್ಕಡಿ ಹೂಡಿ ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆ ಮಾಡಿ, ತಂದ ಅಡಿಗೆಯನ್ನು ಮೊದಲು ಭೂಮಿಗೆ ಉಣಿಸುತ್ತಾರೆ: ಒಬ್ಬರು ಬೆಳೆಯ ನಡುವೆ ಎಡೆ ಚೆಲ್ಲುತ್ತ ಹೋದರೆ ಹಿಂದಿನವರು ನೀರು ಚಿಮುಕಿಸುತ್ತ ಹೋಗುತ್ತಾರೆ. ಅದೇ ಚರಗ. ಆ ದಿನ ಹೊಲದಲ್ಲಿ ಕಾಲಿಟ್ಟವರು ಯಾರೇ ಆಗಲಿ, ದಾರಿಹೋಕರಾಗಲಿ, ಆಗದವರಾಗಲಿ, ಉಂಡೇ ಹೋಗಬೇಕು.

ನಾನು ನವಲಗುಂದಕ್ಕೆ ಹೋಗಿ ಕರೆದೆ. ಏಕೆ ಎಂಬುದನ್ನೂ ಮುಚ್ಚಿಡಲಿಲ್ಲ. ಸರ್ಕಲ್ ಸಾಹೇಬರು ನನ್ನ ಮುಖ ನೋಡಿದರು. "ಊಟಕ್ಕ ಕರದು ಕೆಲಸಾ ಮಾಡಸ್ಕೊಳ್ಳೂ ವಿಚಾರ ಏನ್ರಿ ಮಾಸ್ತರ?" ಎಂದರು. ನಾನು ಹೇಳಿದೆ: "ಹಂಗಲ್ರಿ. ಆಕಿ ನಿಮ್ಮನ್ನ ಬೂಟು ಬಿಡಿಸಿ ಒಳಗ ಕರೀಬೇಕಾಗೇತಿ. ಆಕೀಗೆ ಬ್ಯಾರೆ ದಾರಿ ಗೊತ್ತಿಲ್ಲ." ಅವರು ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಯ ತಾರೀಖು ನೋಡಿಕೊಂಡರು.

ಅಮಾವಾಸ್ಯೆಯ ದಿನ ಬಿಸಿಲೇರಿದ ಮೇಲೆ ತಲಾಠಿಯ ಸೈಕಲ್ಲಿನ ಹಿಂದೆ ಕುಳಿತು ಬಂದರು. ಬದುವಿನ ಮೇಲೆ ಬೂಟು, ಕಾಲುಚೀಲ ಬಿಚ್ಚಿಟ್ಟು, ಎರೆಯ ಹೆಂಟೆಗಳ ಮೇಲೆ ಅಂಗಾಲು ನೋಯಿಸಿಕೊಳ್ಳುತ್ತ ಬನ್ನಿಗಿಡದವರೆಗೆ ನಡೆದರು. ಫಕೀರಪ್ಪ ಎದುರು ಹೋಗಿ, "ಬರ್ರಿ ಸಾಹೇಬ್ರ. ನಮ್ಮ ಹೊಲದ ಹೆಂಟಿ ಸರಕಾರದವರಿಗೆ ಸ್ವಲ್ಪ ಚುಚ್ಚತಾವ" ಎಂದ. ಅವರು ನಕ್ಕರು.

"ಕಡ್ಲಿ ಹೂ ಎರಡು ಬಣ್ಣ ಯಾಕರಿ?" ಎಂದು ನಡೆಯುತ್ತ ಕೇಳಿದರು.

"ಬೀಜ ಮನಿಗೊಂದು ಬೊಗಸಿ ಬಂದಿದ್ದಾವ್ರಿ," ಎಂದಳು ನೀಲವ್ವ.

ಪೂಜೆ ಆಯಿತು. ಫಕೀರಪ್ಪ ಎಡೆ ಚೆಲ್ಲುತ್ತ ಕೂಗುತ್ತ ಹೊಲ ಸುತ್ತಿದ. ಹಿಂದೆ ಚೆನ್ನಪ್ಪ ತಂಬಿಗೆ ಹಿಡಿದು ನೀರು ಚಿಮುಕಿಸಿದ. ಸುತ್ತಲಿನ ಹೊಲಗಳಿಂದಲೂ ಅದೇ ಕೂಗು ಕೇಳುತ್ತಿತ್ತು. ನೀಲವ್ವ ಎಲ್ಲರಿಗೂ ಎಲೆ ಹಾಕುವ ಮುಂಚೆ, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಯೊಂದರ ಮೇಲೆ ಬದನೆಕಾಯಿ ಪಲ್ಯ ಇಟ್ಟುಕೊಂಡು, ಬನ್ನಿಗಿಡದ ಆಚೆಗೆ ಹೋದಳು. ಒಣಗಿದ ಮೆಣಸಿನ ಗಿಡಗಳ ನಡುವೆ 'ಇಲ್ಲಿ' ಎಂಬಂತೆ ಕೈಯಿಂದ ನೆಲ ಸವರಿ, ರೊಟ್ಟಿ ಇಟ್ಟಳು. ಸೆರಗು ಹಿಡಿದು ಹಣೆ ಹಚ್ಚಿದಳು.

ಸರ್ಕಲ್ ಸಾಹೇಬರು ನಿಂತಲ್ಲಿಂದಲೇ ನೋಡುತ್ತಿದ್ದರು. ಅವಳು ಎದ್ದು ಬಂದ ಮೇಲೆ ಅವರು ಕೆಲವು ಹೆಜ್ಜೆ ಮುಂದೆ ಹೋಗಿ, ಅಂಚಿನಲ್ಲಿಯೇ ಕುಕ್ಕರಗಾಲಲ್ಲಿ ಕುಳಿತರು. ಒಂದು ಕಡ್ಡಿಯ ಮೇಲಿನ ಹೂಳಿನ ಗೆರೆಯನ್ನು ಬೆರಳಿನಿಂದ ಮುಟ್ಟಿದರು. ಕಪ್ಪಾದ ಕಾಯೊಂದರ ಹತ್ತಿರ ಕೈ ಒಯ್ದವರು ಕೀಳದೆ ಹಿಂದಕ್ಕೆ ತೆಗೆದರು. ತಿರುಗಿ ಕೆಳಗಿನ ಎಂಟು ಹೊಲಗಳನ್ನು, ಅವುಗಳ ಆಚೆಗಿನ ಹಳ್ಳವನ್ನು, ಮತ್ತೆ ಆ ಕಡ್ಡಿಯ ಎತ್ತರವನ್ನು ನೋಡಿದರು. ಎದ್ದು ಬಂದು, ತಂಬಿಗೆಯ ನೀರಿನಿಂದ ಕೈತೊಳೆದು, ಎಲೆಯ ಮುಂದೆ ಕುಳಿತರು. ಎರಡು ರೊಟ್ಟಿ ಬೇಡಿ ಉಂಡರು. ತಲಾಠಿ ಚೀಲಕ್ಕೆ ಕೈಹಾಕಿದಾಗ, "ಊಟದ ಜಾಗಾದಾಗ ದಫ್ತರ ಬ್ಯಾಡ" ಎಂದು ತಡೆದರು.

ಪಂಚನಾಮೆ ಶಾಲೆಯಲ್ಲಿ ಆಯಿತು. ಅವರು ಹೇಳಿದರು, ನಾನು ಬರೆದೆ. ಮೊದಲ ಸಾಲಿನಲ್ಲಿಯೇ ನನ್ನ ಲೇಖನಿ ನಿಂತಿತು. ಆ ಜಾಗವನ್ನು ಏನೆಂದು ಬರೆಯುವುದು? ಕಿಟಕಿಯ ಹೊರಗೆ ನಿಂತಿದ್ದ ನೀಲವ್ವ ತಾನಾಗಿಯೇ ಹೇಳಿದಳು: "ಅವರ ಹೆಸರು ಸರಕಾರದ ಕಾಗದದಾಗ ಬ್ಯಾಡ್ರಿ." ಸರ್ಕಲ್ ಸಾಹೇಬರು ತಲೆಯಾಡಿಸಿದರು. 'ಹೊಲದ ನಡುವಿನ, ಕುಂಟೆ ಹೊಡೆಯದ ಭಾಗ' ಎಂದು ಬರೆದೆ. ಏಕೆ ಹೊಡೆದಿಲ್ಲ ಎಂಬುದನ್ನು ಬರೆಯಲಿಲ್ಲ. ಎಲ್ಲವನ್ನೂ ಪೂರ್ತಿಯಾಗಿ ಬರೆಯಬೇಕೆಂದು ಮಕ್ಕಳಿಗೆ ಹೇಳುತ್ತಿದ್ದವನಿಗೆ, ಬಿಡಬೇಕಾದದ್ದನ್ನು ಬಿಟ್ಟು ಬರೆದ ತೃಪ್ತಿ ಅಂದು ಸಿಕ್ಕಿತು. ಫಕೀರಪ್ಪ ಸಹಿ ಮಾಡಿದ. ಎಂಟು ಹೊಲಗಳ ಹೆಸರೂ ಅದೇ ಹಾಳೆಯಲ್ಲಿ ಸೇರಿತು.

ಫಾಲ್ಗುಣದಲ್ಲಿ ವರ್ಷ ತುಂಬಿತು. ನೀಲವ್ವ ಒಣಗಿದ ಗಿಡಗಳನ್ನು ತಾನೇ ಒಂದೊಂದಾಗಿ ತೆಗೆದು, ಕಲ್ಲು ಕೂಡ್ರಿಸಿದಳು. ಅದರ ಹಿಂದೆಯೇ ಪರಿಹಾರವೂ ಬಂತು. ಚಾವಡಿಯಲ್ಲಿ ಒಂಬತ್ತು ಹೆಸರು ಕೂಗಿದರು. ಅವಳದು ಕೊನೆಯದು. ಹೆಬ್ಬೆಟ್ಟಿನ ಮಸಿಯನ್ನು ಸೆರಗಿಗೆ ಒರೆಸಿಕೊಳ್ಳದೆ ಹಾಗೆಯೇ ಮನೆಗೆ ನಡೆದಳು. ಸರಕಾರದ ಮಟ್ಟಿಗೆ ಆ ಕಾಗದದ ಕಟ್ಟು ಅಲ್ಲಿಗೆ ಮುಚ್ಚಿತು. ಊರೂ ಹಾಗೆಯೇ ತಿಳಿಯಿತು; ನಾನೂ ತಿಳಿದಿದ್ದೆ.

ಬೇಸಿಗೆಯೆಲ್ಲ ಅವಳು ಕೆಂದನಿಗೆ ಜೊತೆ ಹುಡುಕಿದಳು. ತಿರ್ಲಾಪುರದ ಒಂದು ಮನೆಯಲ್ಲಿ ಎತ್ತರ, ನಡಿಗೆ ಎರಡೂ ಹೊಂದುವ ಎತ್ತು ಸಿಕ್ಕಿತು. ಮಿರಗದ ಮೊದಲ ಮಳೆ ಬಿದ್ದ ಮರುದಿನ, ಭಾನುವಾರ, ಅದು ಅವಳ ಅಂಗಳಕ್ಕೆ ಬಂತು. ಸೋಮವಾರ ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅಂದು ಎರಡಕ್ಕೂ ಮೈತೊಳೆದು ಒಂದೇ ಗೋದಲಿಯಲ್ಲಿ ಮೇವು ಹಾಕಿದಳು. ಮಂಗಳವಾರ ಬೆಳಿಗ್ಗೆ ನಾನು ಶಾಲೆಯ ಬೀಗ ತೆಗೆಯುತ್ತಿದ್ದಾಗ ಜೋಡಿ ಹೂಡಿಕೊಂಡು, ಕುಂಟೆ ಹೊತ್ತ ಆಳಿನೊಂದಿಗೆ ಅವಳು ದಾರಿಯಲ್ಲಿ ಬಂದಳು. ತನ್ನ ಹೊಲದ ಕಡೆಗೆ ಹೊರಳಲಿಲ್ಲ. ನೇರವಾಗಿ ಫಕೀರಪ್ಪನ ಹೊಲದ ಬದುವಿಗೆ ಹೋಗಿ ನಿಂತಳು.

"ಏ, ಇದೇನು ಬೇ?" ಎಂದು ಅವನು ಕೂಗಿದ. "ಹದಾ ಬಂದೈತಿ. ಮೊದಲು ನಿನ್ನ ಹೊಲಾ ಮಾಡ್ಕೋ ಹೋಗು. ಹುಚ್ಚಿ ಅದಿಯೇನು?"

"ಸರೀ ಕಾಕಾ, ದಾರಿ ಬಿಡು," ಎಂದಳು ನೀಲವ್ವ. "ಮುಯ್ಯಿ ಉಳಸ್ಕೊಂಡು ನಮ್ಮನಿಯವರ ಮುಂದ ಹೆಂಗ ಕುಂಟಿ ಹೂಡ್ಲಿ?"

ಮುದುಕ ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡು ಬದುವಿನಿಂದ ಸರಿದು ನಿಂತ. ಅವಳು ಎತ್ತುಗಳನ್ನು ಒಳಗೆ ಇಳಿಸಿದಳು. ಅಂದು ೧೯೮೪ನೆಯ ಇಸವಿ, ಜೂನ್ ತಿಂಗಳ ಹನ್ನೆರಡನೆಯ ತಾರೀಖು, ಮಂಗಳವಾರ.